ತೀರಾ ಚೆನ್ನಾಗಿ ಬಂದ ಲೇಪ

ಹೊಗಳಿಸಿಕೊಂಡ ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಟೇಪು ಅಂಟಿಸಿದ್ದು ನೆನಪಿದೆ, ಕಿತ್ತದ್ದು ನೆನಪಿಲ್ಲ. ಬಾಯಿತುಂಬ ನೊರೆ ಇಟ್ಟುಕೊಂಡು ಕನ್ನಡಿ ನೋಡಿದ. ಕನ್ನಡಿಯೊಳಗಿನವನು ನನ್ನನ್ನೇನು ಕೇಳುತ್ತೀ ಅನ್ನುವ ಹಾಗೆ ತಿರುಗಿ ನೋಡಿದ. ಅಂಟಿಸುವಾಗ ಟೇಪಿನ ಮೂಲೆಯೊಂದು ಮಡಿಸಿಕೊಂಡಿತ್ತು, ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ್ದ, ಆಗ ಹೊರಗೆ ಯಾರೋ ಕೆಮ್ಮಿದ್ದರು. ಇಷ್ಟೂ ನೆನಪಿದೆ. ಆಮೇಲೆ ಬಣ್ಣ ಹೊಡೆದದ್ದು, ಒಣಗಲು ಇಟ್ಟದ್ದು, ಕಾಫಿ ಕುಡಿದದ್ದು. ಕಾಫಿಯಲ್ಲಿ ಸಕ್ಕರೆ ಕಡಿಮೆಯಿದ್ದದ್ದು ಕೂಡ ನೆನಪಿದೆ. ಆದರೆ ಟೇಪು ಕೀಳುವಾಗ ಬರುವ ಆ ಚರ್ರ್ ಅನ್ನುವ ಸದ್ದು? ವರ್ಷಗಟ್ಟಲೆ ಕಿತ್ತ ಟೇಪುಗಳ ಸದ್ದೆಲ್ಲ ಒಂದೇ ಸದ್ದಾಗಿ ತಲೆಯಲ್ಲಿ ಕೂತಿತ್ತು. ಅದರಲ್ಲಿ ನಿನ್ನೆಯದು ಯಾವುದು ಎಂದು ಹೆಕ್ಕುವುದು, ಸಂತೆಯಲ್ಲಿ ಕೈಜಾರಿ ಬಿದ್ದ ಚಿಲ್ಲರೆಯನ್ನು ಇದು ನನ್ನದೇ ಎಂದು ಗುರುತಿಸಿದ ಹಾಗೆ.

ಅವನ ಕೆಲಸ ಇಷ್ಟೇ. ತಟ್ಟೆಯಗಲದ ಪುಟ್ಟ ಡ್ರೋನುಗಳ ಪ್ಲಾಸ್ಟಿಕ್ ಚಿಪ್ಪಿನ ಒಳಮೈಗೆ ಲೋಹದ ಪುಡಿ ಕಲೆಸಿದ ಬೂದು ಬಣ್ಣ ಸಿಂಪಡಿಸುವುದು. ದೊಡ್ಡ ವಿದ್ಯುತ್ ತಂತಿಗಳ ಪಕ್ಕದಲ್ಲಿ ಹಾರುವಾಗ ಅವುಗಳ ಸುತ್ತಲಿನ ಕಾಣದ ಗದ್ದಲ ಡ್ರೋನಿನ ಮಿದುಳಿಗೆ ತಾಗಿ ತಲೆಕೆಡದಿರಲಿ ಎಂದು ಈ ಲೇಪ. ನೋಡಲು ಬಣ್ಣ, ನಿಜಕ್ಕೆ ಲೋಹದ ಅಂಗಿ. ಆದರೆ ಎಂಥ ಅಂಗಿಗೂ ಕುತ್ತಿಗೆಗೊಂದು ಜಾಗ ಬಿಡಬೇಕಲ್ಲ. ಡ್ರೋನಿನ ನೆತ್ತಿಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗಕ್ಕೆ ಲೇಪ ಕೂಡದು. ಅದರ ಕೆಳಗೆ ಉಪಗ್ರಹಗಳ ಸಂಕೇತ ಹಿಡಿಯುವ ಆಂಟೆನಾ ಕೂತಿರುತ್ತದೆ. ಕಾರ್ಖಾನೆಯಲ್ಲಿ ಆ ಜಾಗವನ್ನು ಕಿಟಕಿ ಅನ್ನುತ್ತಾರೆ. ಸಿಂಪಡಿಸುವ ಮೊದಲು ಕಿಟಕಿಗೆ ಟೇಪು ಅಂಟಿಸಬೇಕು, ಒಣಗಿದ ಮೇಲೆ ಟೇಪು ಕಿತ್ತರೆ ಅದರ ಮೇಲಿನ ಬಣ್ಣವೂ ಜೊತೆಗೆ ಬರುತ್ತದೆ. ಕೀಳಲು ಮರೆತರೆ ಕಿಟಕಿಯೂ ಗೋಡೆಯೇ. ಆಗ ಡ್ರೋನು ಹಾರುತ್ತದೆ, ಆದರೆ ತಾನು ಎಲ್ಲಿದ್ದೇನೆಂದು ಅದಕ್ಕೆ ಗೊತ್ತಿರುವುದಿಲ್ಲ. ಗಾಳಿ ಎತ್ತ ತಳ್ಳಿದರೆ ಅತ್ತ. ಇವತ್ತು ಅದು ಹಾರಬೇಕಾದದ್ದು ವಿದ್ಯುತ್ ಕಂಪನಿಯವರ ಎದುರಿಗೆ, ತಂತಿಗಳಿಗೆ ಕೈಯಳತೆಯಲ್ಲಿ. ಹಾರಿಸುವವನು ಅವನ ಹೆಂಡತಿಯ ತಮ್ಮ.

"ರೀ, ಅಲ್ಲೇ ನಿದ್ದೆ ಹೋದ್ರಾ?" ಎಂದು ಹೆಂಡತಿ ಬಾಗಿಲು ತಟ್ಟಿದಳು. ನಿನ್ನೆ ಸಂಜೆಯಿಂದ ಅವಳು ಫೋನು ಕೆಳಗಿಟ್ಟಿರಲಿಲ್ಲ. ಅಕ್ಕನಿಗೆ, ಚಿಕ್ಕಮ್ಮನಿಗೆ, ಚಿಕ್ಕಮ್ಮನ ಸೊಸೆಗೆ, ಕೊನೆಗೆ ತಪ್ಪು ನಂಬರಿನವರೊಬ್ಬರಿಗೂ "ನಮ್ಮನೆಯವರಿಗೆ ಕಾರ್ಖಾನೆಯಲ್ಲಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದ್ರಂತೆ" ಎಂದು ಹೇಳಿ ಮುಗಿಸಿದ್ದಳು. ಈಗ ಹೊರಗೆ ಬಂದು 'ನೋಡು, ಆ ಚಪ್ಪಾಳೆ ಬಹುಶಃ ತಪ್ಪಿಗೆ ಬಿದ್ದದ್ದು' ಅಂದರೆ ಅವಳು ಎಷ್ಟು ಜನಕ್ಕೆ ತಿರುಗಿ ಫೋನು ಮಾಡಬೇಕು? ಅವನು ಬಾಯಿ ಮುಕ್ಕಳಿಸಿ ಸುಮ್ಮನೆ ತಿಂಡಿಗೆ ಕೂತ. ಚಪ್ಪಾಳೆಯ ವಿಷಯ ನಿಜವೇ. ನಿನ್ನೆ ಮೀಟರ್ ಮೇಡಂ—ಪರೀಕ್ಷೆ ವಿಭಾಗದ ಆ ಹೆಂಗಸನ್ನು ಎಲ್ಲರೂ ಹಾಗೇ ಕರೆಯುವುದು—ಚಿಪ್ಪಿನ ಎರಡು ತುದಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ, ಕಣ್ಣರಳಿಸಿ, ಇನ್ನೊಮ್ಮೆ ಮುಟ್ಟಿಸಿ, "ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ, ಒಂದೇ ಒಂದು ಕಡೆ ಬಿಟ್ಟಿಲ್ಲ ನೋಡಿ ಲೇಪ" ಅಂದಿದ್ದರು. ಕಾರ್ಖಾನೆಯ ಯಜಮಾನರು ಎಲ್ಲರನ್ನೂ ಕರೆದು ಚಪ್ಪಾಳೆ ತಟ್ಟಿಸಿದ್ದರು. ಜನ್ಮದಲ್ಲಿ ಮೊದಲ ಸಲ ಚಪ್ಪಾಳೆ ಬಿದ್ದವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಅವನೂ ತಟ್ಟಿದ್ದ. ಈಗ ತಟ್ಟೆಯ ಮುಂದೆ ಕೂತವನಿಗೆ ಆ ಮಾತು ಮತ್ತೆ ಕೇಳಿಸಿತು: ಒಂದೇ ಒಂದು ಕಡೆ ಬಿಟ್ಟಿಲ್ಲ. ಬಿಡಬೇಕಿತ್ತಲ್ಲ!

ದಾರಿಯುದ್ದಕ್ಕೂ ಅವನು ತನ್ನ ಸಂಜೆ ಕಾಲೇಜನ್ನು ಶಪಿಸಿದ. ಹಗಲು ದುಡಿದು, ಸಂಜೆ ಡಿಪ್ಲೊಮಾ ಓದಿದವನು ಅವನು. ಮೇಷ್ಟ್ರು ಒಂದು ದಿನ ತಮ್ಮ ಫೋನನ್ನು ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿ, "ಈಗ ಫೋನು ಮಾಡ್ರೋ" ಅಂದಿದ್ದರು. ಎಲ್ಲರೂ ಮಾಡಿದರು, ಡಬ್ಬಿ ಪಿಟ್ಟೆನ್ನಲಿಲ್ಲ. ಯಾಕೆ ಎಂದು ಅವರು ವಿವರಿಸುವ ಹೊತ್ತಿಗೆ ಸರಿಯಾಗಿ ಅವನಿಗೆ ನಿದ್ದೆ ಬಂದಿತ್ತು. ಅವನು ಎಲ್ಲೆಲ್ಲಿ ನಿದ್ದೆ ಹೋಗಿದ್ದನೋ ಪರೀಕ್ಷೆಯಲ್ಲಿ ಅಲ್ಲಲ್ಲಿಂದಲೇ ಪ್ರಶ್ನೆಗಳು ಬಂದವು. ಆ ಓದಿನಿಂದ ಅವನಿಗೆ ಸಿಕ್ಕಿದ್ದು ಹೆದರಲು ಸಾಕಾಗುವಷ್ಟು ತಿಳಿವಳಿಕೆ. ಧೈರ್ಯಕ್ಕೆ ಬೇಕಾದದ್ದು ಬಹುಶಃ ಹಗಲು ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದರು. ಏನೂ ಓದದವನಾಗಿದ್ದರೆ ಇವತ್ತು ನೆಮ್ಮದಿಯಾಗಿ ಬಸ್ಸಿನಲ್ಲಿ ತೂಕಡಿಸಬಹುದಿತ್ತು.

ಕಾರ್ಖಾನೆಯಲ್ಲಿ ಡ್ರೋನು ಆಗಲೇ ಪೆಟ್ಟಿಗೆ ಸೇರಿತ್ತು. ಚಿಪ್ಪು ಮುಚ್ಚಿ, ಸ್ಕ್ರೂ ಬಿಗಿದು, ಸೇರುವೆಯ ಮೇಲೆ ಮೀಟರ್ ಮೇಡಂ ಸಹಿ ಮಾಡಿದ ಕಾಗದದ ಸೀಲು. ಆ ಸೀಲು ಒಡೆದರೆ ಪರೀಕ್ಷೆಯನ್ನೆಲ್ಲ ಮೊದಲಿನಿಂದ ಮಾಡಬೇಕು ಎನ್ನುವುದು ಅಲ್ಲಿನ ಕಟ್ಟಳೆ. ತಗಡಿನ ಸೂರಿನ ಶೆಡ್ಡಿನೊಳಗೆ ಉಪಗ್ರಹ ಹೇಗೂ ಸಿಗುವುದಿಲ್ಲವಾದ್ದರಿಂದ, ಒಳಗಿದ್ದಷ್ಟು ಹೊತ್ತು ಕುರುಡು ಡ್ರೋನಿಗೂ ಕಣ್ಣಿರುವ ಡ್ರೋನಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಅವನು ಮೇಡಂ ಮೇಜಿನ ಹತ್ತಿರ ಹೋಗಿ, ಮೇಜಿನ ಮೂಲೆಯನ್ನು ಬೆರಳಿನಿಂದ ಒರೆಸುತ್ತ ನಿಂತ.

"ಮೇಡಂ, ನಿನ್ನೆ ರೀಡಿಂಗು ಸ್ವಲ್ಪ ಜಾಸ್ತೀನೇ ಚೆನ್ನಾಗಿರ್ಲಿಲ್ವಾ?"

"ಅಂದ್ರೆ? ನನ್ನ ಮೀಟರು ಸುಳ್ಳು ಹೇಳತ್ತೆ ಅಂತೀರಾ?"

"ಅಯ್ಯೋ, ಮೀಟರಲ್ಲ ಮೇಡಂ, ನಾನು…"

"ನೀವು ಸುಳ್ಳು ಹೇಳ್ತೀರಾ?"

"ಇಲ್ಲ, ಲೇಪ…"

"ಲೇಪ ಸುಳ್ಳು ಹೇಳತ್ತಾ?" ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಎದುರಿಗಿರುವವರ ದಿನ ಮುಗಿಯಿತೆಂದೇ ಅರ್ಥ. "ನೋಡಿ, ನನ್ನ ಸರ್ವೀಸಿನಲ್ಲಿ ಇಷ್ಟು ಒಳ್ಳೇ ರೀಡಿಂಗ್ ಬಂದಿರ್ಲಿಲ್ಲ. ನನ್ನ ಸಂತೋಷಕ್ಕೆ ಕಲ್ಲು ಹಾಕ್ಬೇಡಿ. ನೀವು ಕಿಟಕಿಗೆ ಟೇಪ್ ಹಾಕ್ತೀರಲ್ಲ?"

"ಹಾಕ್ತೀನಿ."

"ಹಾಕಿದ್ಮೇಲೆ ತೆಗೀತೀರಲ್ಲ?"

"ತೆಗೀತೀನಿ. ನಿನ್ನೆ ತೆಗೆದ್ನಾ ಅಂತ…"

"ಮತ್ತೆ? ಯಾವಾಗ್ಲೂ ತೆಗೆಯೋರು ನಿನ್ನೆನೂ ತೆಗೆದಿರ್ತೀರ. ಹೋಗಿ, ಕೆಲಸ ನೋಡಿ."

ಈ ತರ್ಕದಲ್ಲಿ ಎಲ್ಲೋ ತೂತಿದೆಯೆಂದು ಅವನಿಗೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಯಜಮಾನರ ಕೋಣೆಯ ಮುಂದೆ ನಿಂತಿದ್ದ. ಯಜಮಾನರು ಕನ್ನಡಿಯಿಲ್ಲದೆ ಟೈ ಕಟ್ಟಿಕೊಳ್ಳಲು ಹೆಣಗುತ್ತಿದ್ದರು. ವಿದ್ಯುತ್ ಕಂಪನಿಯವರು ಒಪ್ಪಿದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಬೇರೆ ಕೆಲಸ ನೋಡಿಕೊಳ್ಳಬೇಕು ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಅವರ ಟೈಯೇ ಹೇಳುತ್ತಿತ್ತು. ಅವನು ಹೊಸ್ತಿಲಲ್ಲೇ ನಿಂತು, "ಸರ್, ನನ್ನಿಂದ ಒಂದು ತಪ್ಪಾಗಿರಬಹುದು ಅನ್ನಿಸ್ತಿದೆ, ನಿನ್ನೆ ಲೇಪದಲ್ಲಿ" ಅಂದ. ಹೇಳಿಯೇಬಿಟ್ಟೆನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಯಜಮಾನರು ಅವನನ್ನು ಒಂದು ಗಳಿಗೆ ನೋಡಿ, ಎದ್ದು ಬಂದು, ಹೆಗಲ ಮೇಲೆ ಕೈಹಾಕಿ ಹೊರಗೆ ಕರೆತಂದರು.

"ಕೇಳ್ರಪ್ಪ ಎಲ್ಲರೂ! ನಿನ್ನೆ ಅಷ್ಟು ಒಳ್ಳೇ ಕೆಲಸ ಮಾಡಿದ ಈ ಮನುಷ್ಯ ಇವತ್ತು ಬಂದು, ತಪ್ಪಾಗಿರಬಹುದು ಸರ್ ಅಂತಾನೆ. ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ. ನಿಮ್ಮಲ್ಲಿ ಯಾರಿಗಾದ್ರೂ ಯಾವತ್ತಾದ್ರೂ ನಿಮ್ಮ ಕೆಲಸದ ಮೇಲೆ ಇಂಥ ಅನುಮಾನ ಬಂದಿದ್ಯಾ?"

ಬಂದಿಲ್ಲವೆಂದು ಎಲ್ಲರೂ ನಾಚಿಕೆಯಿಂದ ತಲೆ ತಗ್ಗಿಸಿದರು. ಎರಡನೆಯ ಚಪ್ಪಾಳೆ ಬಿತ್ತು. "ಇವತ್ತು ಬಯಲಿಗೆ ನೀವೂ ಬರ್ಬೇಕು. ಅತಿಥಿಗಳಿಗೆ ಪರಿಚಯ ಮಾಡಿಸ್ತೀನಿ" ಎಂದು ಯಜಮಾನರು ಬೆನ್ನು ತಟ್ಟಿದರು. ಅವನು ಮತ್ತೆ ಬಾಯಿ ತೆರೆದ. ಆದರೆ ಹೊಗಳಿಕೆಗೊಂದು ಗುಣವಿದೆ, ಅದು ಒಳಗೆ ಇಳಿಯುವ ಮುಂಚೆಯೇ ಬಾಯಿ ಮುಚ್ಚಿಸುತ್ತದೆ. ಬೇಡ ಬೇಡವೆಂದರೂ ಅವನೊಳಗೆ ಯಾವುದೋ ಬೆಕ್ಕು ಹಾಲು ಕಂಡ ಹಾಗೆ ಮೈಮುರಿಯಿತು. ಆ ಬೆಕ್ಕಿನ ಬಗ್ಗೆ ಅವನಿಗೆ ಅಸಹ್ಯವಾಯಿತು.

ವ್ಯಾನಿನಲ್ಲಿ ಪೆಟ್ಟಿಗೆ ಅವನ ಮತ್ತು ಭಾವಮೈದನ ನಡುವೆ ಕೂತಿತ್ತು. ಮೀಟರ್ ಮೇಡಂ ಮುಂದೆ, ಡ್ರೈವರ್ ಪಕ್ಕದಲ್ಲಿ. ಭಾವಮೈದ ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಹೆಬ್ಬೆರಳುಗಳ ಗೆಣ್ಣು ಮುರಿಯುತ್ತಿದ್ದ. ಮನೆಯಲ್ಲಿ ಅವನೆಂದರೆ ಎಲ್ಲರಿಗೂ ಒಂದು ಮೆಟ್ಟಿಲು ಮೇಲೆ. ಅವನು ಆಕಾಶದಲ್ಲಿ ಕೆಲಸ ಮಾಡುವವನು, ಭಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಡಬ್ಬಿಯೊಳಗೆ ಬಣ್ಣ ಹೊಡೆಯುವವನು. ಒಮ್ಮೆ ಇವನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಭಾವಮೈದ ಸದ್ದಿಲ್ಲದೆ ನೆತ್ತಿಯ ಮೇಲೆ ಡ್ರೋನು ತಂದು ಫೋಟೋ ತೆಗೆದು ನೆಂಟರ ಬಳಗಕ್ಕೆಲ್ಲ ಕಳಿಸಿದ್ದ. ತನ್ನ ನೆತ್ತಿ ಅಷ್ಟು ಬೋಳಾಗಿದೆಯೆಂದು ಅವನಿಗೆ ಗೊತ್ತಾದದ್ದು ಹಾಗೆ. ಫೋಟೋದ ಕೆಳಗೆ ಭಾವಮೈದ ಬರೆದಿದ್ದ: ಇಳಿಯಲು ಪ್ರಶಸ್ತ ಜಾಗ. ಹೆಂಡತಿ ಅದನ್ನು ನೋಡಿ ನಕ್ಕು, ನಕ್ಕಿದ್ದಕ್ಕೆ ಕ್ಷಮೆ ಕೇಳಿ, ಮತ್ತೆ ನಕ್ಕಿದ್ದಳು.

"ನೋಡಪ್ಪ," ಎಂದು ಅವನು ಪೆಟ್ಟಿಗೆಯನ್ನು ನೋಡುತ್ತಲೇ ಹೇಳಿದ, "ಹಾರಿಸೋ ಮುಂಚೆ ಒಂದ್ಸಲ ಬಿಚ್ಚಿ ನೋಡಿದ್ರೆ ಹೇಗೆ? ನಾನು ಟೇಪು ಕಿತ್ತಿದೀನೋ ಇಲ್ವೋ ಅಂತ."

"ಭಾವ, ಒಂದು ಚಪ್ಪಾಳೆ ಬಿತ್ತು ಅಂತ ಈಗ ನನ್ನ ಹಾರಾಟನೂ ನಿಮ್ಮ ಬಣ್ಣದ ಮೇಲೇ ನಿಂತಿದೆ ಅಂತೀರಾ?"

"ಹಾಗಲ್ಲ…"

"ಹಾಗೇನೇ. ನಿನ್ನೆಯಿಂದ ಅಕ್ಕಂದೂ ಅದೇ ರಾಗ. ಬಿಡಿ, ನಾನು ಕಣ್ಣುಮುಚ್ಚಿಕೊಂಡು ಬೇಕಾದ್ರೂ ಹಾರಿಸ್ತೀನಿ." ಕಪ್ಪು ಕನ್ನಡಕ ತಲೆಯಿಂದ ಕಣ್ಣಿಗೆ ಇಳಿಯಿತು. ಮಾತು ಮುಗಿಯಿತು. ಪೆಟ್ಟಿಗೆಯ ಮುಚ್ಚಳದ ಸಂದಿಯಲ್ಲಿ ಸೀಲಿನ ಅಂಚು ಕಾಣುತ್ತಿತ್ತು. ಉಗುರಿನಿಂದ ಒಂದು ಗೀರು ಎಳೆದಿದ್ದರೆ ಎಲ್ಲವೂ ಅಲ್ಲೇ ಮುಗಿಯುತ್ತಿತ್ತು. ಅವನು ಉಗುರನ್ನು ನೋಡಿಕೊಂಡ. ಉಗುರು ತನಗೆ ಸಂಬಂಧವಿಲ್ಲವೆಂಬಂತೆ ಬೆರಳಿನ ತುದಿಯಲ್ಲಿ ಕೂತಿತ್ತು.

ಬಯಲಿನ ಅಂಚಿಗೆ ವಿದ್ಯುತ್ ಗೋಪುರಗಳು ಸಾಲಾಗಿ ನಿಂತಿದ್ದವು. ತಂತಿಗಳು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿದ್ದವು. ಕೇಳುತ್ತ ನಿಂತರೆ ಹಲ್ಲಿನ ಬೇರು ಜುಮ್ಮೆನ್ನುತ್ತಿತ್ತು. ಹಗ್ಗ ಕಟ್ಟಿದ ಆಚೆಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಂಪನಿಯವರು ಕೂತಿದ್ದರು. ಅವರಿಗೆ ಮುಖ್ಯಸ್ಥೆ ವಯಸ್ಸಾದ ಒಬ್ಬ ಇಂಜಿನಿಯರಮ್ಮ. ಬಿಳಿ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ಕೊಡೆ. ಯಜಮಾನರು ಮೈಕಿನಲ್ಲಿ ಸ್ವಾಗತ ಹೇಳಿದರು. ಭಾವಮೈದ ಡ್ರೋನನ್ನು ಹುಲ್ಲಿನ ಮೇಲಿಟ್ಟು ಕೈಯಲ್ಲಿನ ಪರದೆ ನೋಡಿದ. ಹಗ್ಗದ ಇನ್ನೊಂದು ಬದಿಯಲ್ಲಿ ನಿಂತಿದ್ದ ಅವನೂ ಇಣುಕಿ ನೋಡಿದ. ಉಪಗ್ರಹ: ಸೊನ್ನೆ.

"ಮೋಡ," ಅಂದ ಭಾವಮೈದ.

ಆಕಾಶ ತೊಳೆದಿಟ್ಟ ಪಾತ್ರೆಯ ಹಾಗಿತ್ತು. "ಮೋಡ ಎಲ್ಲಿದೆಯಪ್ಪ?"

"ಅದು ಮೇಲ್ಗಡೆ ಮೋಡ, ಭಾವ. ಕೆಳಗಿನೋರಿಗೆ ಕಾಣ್ಸಲ್ಲ."

ಭಾವಮೈದ ಡ್ರೋನನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ಹೋದ, ಎತ್ತಿ ಹಿಡಿದ, ಅಳುವ ಮಗುವನ್ನು ಸಮಾಧಾನ ಮಾಡುವವನ ಹಾಗೆ ಆ ಕಡೆ ಈ ಕಡೆ ತಿರುಗಿಸಿದ. ಸೊನ್ನೆ. ಯಜಮಾನರು ಕಾರ್ಖಾನೆಯ ಇತಿಹಾಸ ಮುಗಿಸಿ, ವಿಧಿಯಿಲ್ಲದೆ ಭವಿಷ್ಯ ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಇಂಜಿನಿಯರಮ್ಮ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಭಾವಮೈದ ತಿರುಗಿ ಬಂದು ಡ್ರೋನನ್ನು ಕೆಳಗಿಟ್ಟು, "ಉಪಗ್ರಹ ಕಟ್ಟಿಕೊಂಡು ಏನಾಗ್ಬೇಕು. ಕೈಯಲ್ಲೇ ಹಾರಿಸ್ತೀನಿ" ಅಂದು ಗುಂಡಿಯೊಂದನ್ನು ಒತ್ತಿದ. ಗಾಳಿ ತಂತಿಗಳ ಕಡೆಗೇ ಬೀಸುತ್ತಿತ್ತು. ಕುರ್ಚಿಗಳ ಮೇಲಿದ್ದ ಕಾಗದಗಳೆಲ್ಲ ಅತ್ತ ಹಾರಲು ನೋಡುತ್ತಿದ್ದವು.

ಬೀಳಲಿ.

ಅವನು ತಿರುಗಿ ನೋಡಿದ, ಯಾರೋ ಕಿವಿಯಲ್ಲಿ ಅಂದರೆಂದು. ಹಿಂದೆ ಯಾರೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. ಬಿದ್ದರೆ ಎಲ್ಲರೂ ಹಾರಿಸಿದವನನ್ನೇ ಅನ್ನುತ್ತಾರೆ. ತಂತಿಗೆ ತಾಗಿ ಸುಟ್ಟುಹೋದರೆ ಟೇಪು ಎಲ್ಲಿ, ಲೇಪ ಎಲ್ಲಿ. ಇವನ ಚಪ್ಪಾಳೆ ಇವನಿಗೇ ಉಳಿಯುತ್ತದೆ, ಆಕಾಶದಲ್ಲಿ ಕೆಲಸ ಮಾಡುವವನು ನೆಲಕ್ಕಿಳಿಯುತ್ತಾನೆ. ಇದನ್ನೆಲ್ಲ ತಾನು ಲೆಕ್ಕ ಹಾಕುತ್ತಿಲ್ಲ, ಲೆಕ್ಕ ಮೊದಲೇ ಆಗಿಹೋಗಿದೆ, ತಾನು ಉತ್ತರವನ್ನಷ್ಟೇ ಓದುತ್ತಿದ್ದೇನೆ ಅನ್ನಿಸಿತು. ಹಾಗಾದರೆ ಮರೆತದ್ದು ಮರೆವೇ? ಅಥವಾ ಆ ಸಕ್ಕರೆಯಿಲ್ಲದ ಕಾಫಿ ಕುಡಿಯುವಾಗ ಒಳಗಿನ ಬೆಕ್ಕು ಕಣ್ಣುಮುಚ್ಚಿಕೊಂಡು ತೀರ್ಮಾನ ಮಾಡಿತ್ತೇ? ಡ್ರೋನಿನ ರೆಕ್ಕೆಗಳು ಒಂದೊಂದಾಗಿ ಮಿಸುಕಿದವು. ಆಗ ಭಾವಮೈದನ ಕಿವಿಯ ಹಿಂದಿನಿಂದ ಬೆವರಿನ ಹನಿಯೊಂದು ಇಳಿದು ಕಾಲರಿನೊಳಗೆ ಹೋದದ್ದು ಕಾಣಿಸಿತು. ಅವನಿಗೂ ಹೆದರಿಕೆ! ಇಷ್ಟು ವರ್ಷ ಇದು ತನಗೆ ಹೊಳೆದಿರಲಿಲ್ಲವಲ್ಲ.

ಅವನು ಹಗ್ಗದ ಕೆಳಗೆ ನುಸುಳಿದ. ನುಸುಳುವಾಗ ಹಗ್ಗ ಕುತ್ತಿಗೆಗೆ ಸಿಕ್ಕಿಕೊಂಡು ಹಿಂದಿನ ಗೂಟವೊಂದು ಕಿತ್ತುಬಂತು; ಗೂಟವನ್ನು ಎಳೆದುಕೊಂಡೇ ಓಡಿದ. "ನಿಲ್ಸು! ನಿಲ್ಸು! ಅದಕ್ಕೆ ಕಣ್ಣಿಲ್ಲ! ನಾನು ಟೇಪು ಕಿತ್ತಿಲ್ಲ!" ಕೂಗುವವರೆಗೂ ಅವನಿಗೆ ಖಾತ್ರಿಯಿರಲಿಲ್ಲ, ಕೂಗಿದ ಮೇಲೆ ಖಾತ್ರಿಯಾಯಿತು. ಭಾವಮೈದ ಗಾಬರಿಯಲ್ಲಿ ಎಲ್ಲ ಗುಂಡಿಗಳನ್ನೂ ಬಿಟ್ಟ. ರೆಕ್ಕೆ ನಿಂತಿತು. ಅವನು ಡ್ರೋನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ, ಪಕ್ಕದ ಮನೆಯ ಕೋಳಿ ಹಿಡಿದವನ ಹಾಗೆ. ಯಜಮಾನರು ಮೈಕು ಬಾಯಿಯ ಹತ್ತಿರವಿದೆಯೆಂದು ಮರೆತು "ಇಳಿಸ್ರೀ ಅದನ್ನ!" ಎಂದು ಪಿಸುಗುಟ್ಟಿದ್ದು ಇಡೀ ಬಯಲಿಗೆ ಕೇಳಿಸಿತು.

"ಭಾವ, ಮರ್ಯಾದೆ ತೆಗೀಬೇಡಿ," ಅಂದ ಭಾವಮೈದ ಹಲ್ಲು ಕಚ್ಚಿ.

"ನನ್ನದೇ ತೆಗೀತಿರೋದು. ಸ್ಕ್ರೂಡ್ರೈವರ್ ಕೊಡು."

ಸೀಲು ಹರಿದ ಸದ್ದಿಗೆ ಮೀಟರ್ ಮೇಡಂ ಕನ್ನಡಕ ತೆಗೆದರು. ಬಿಚ್ಚುವಾಗ ಸ್ಕ್ರೂ ಒಂದು ಹುಲ್ಲಿಗೆ ಬಿತ್ತು. ಈಗಷ್ಟೇ ತೆಗೆದ ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವರೇ ಮೊಣಕಾಲೂರಿ ಹುಡುಕಿದರು. ಚಿಪ್ಪು ತೆರೆಯಿತು. ಒಳಮೈ ಉದ್ದಕ್ಕೂ ಬೂದು, ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ. ಆ ಗಳಿಗೆಯಲ್ಲೂ ಅವನಿಗೆ ಎಷ್ಟು ಚೆನ್ನಾಗಿ ಬಂದಿದೆ ಅನ್ನಿಸಿತು. ನೆತ್ತಿಯ ಜಾಗವನ್ನು ಬೆರಳಿನಿಂದ ಸವರಿದ. ಅಂಚು ಸಿಕ್ಕಿತು. ಉಗುರಿಟ್ಟು ಎಳೆದ. ಚರ್ರ್. ಬೂದು ಬಣ್ಣದ ಚೌಕವೊಂದು ಇಡಿಯಾಗಿ ಕಿತ್ತು ಬಂದು ಬೆರಳಿಗೆ ಅಂಟಿಕೊಂಡಿತು; ಅದರ ಹಿಂದೆ ಬರಿಯ ಪ್ಲಾಸ್ಟಿಕ್ಕಿನ ಕಿಟಕಿ, ಅದರಲ್ಲಿ ಬಿಸಿಲು.

ಚಿಪ್ಪು ಮುಚ್ಚಿ ಬಿಗಿದ ಮೇಲೆ ಪರದೆಯಲ್ಲಿ ಉಪಗ್ರಹಗಳು ಊಟದ ಪಂಕ್ತಿಗೆ ಬರುವವರ ಹಾಗೆ ಮೊದಲು ಒಂದೊಂದಾಗಿ, ಆಮೇಲೆ ಗುಂಪಾಗಿ ಬಂದು ಕೂತವು. ಅಷ್ಟರಲ್ಲಿ ಯಜಮಾನರು ಮೈಕಿಗೆ ಮರಳಿದ್ದರು. "ಕಂಡಿರಲ್ಲ! ನಮ್ಮ ಲೇಪ ಎಷ್ಟು ಗಟ್ಟಿ ಅಂದ್ರೆ ಉಪಗ್ರಹಕ್ಕೂ ಒಳಗೆ ಬರೋಕಾಗ್ಲಿಲ್ಲ! ಅದನ್ನ ನಿಮ್ಮ ಕಣ್ಣಾರೆ ತೋರಿಸ್ಬೇಕು ಅಂತಾನೇ ಕಿಟಕಿ ಮುಚ್ಚಿಟ್ಟಿದ್ವಿ. ನಮ್ಮ ಲೇಪದವರು ಸ್ವಲ್ಪ ನಾಟಕ ಜಾಸ್ತಿ ಮಾಡಿದ್ರು ಅಷ್ಟೆ!" ಮೂರನೆಯ ಚಪ್ಪಾಳೆ ಬಿತ್ತು. ಇದು ಹಿಂದಿನ ಎರಡಕ್ಕಿಂತ ಜೋರಾಗಿತ್ತು. ಇಂಜಿನಿಯರಮ್ಮ ತಟ್ಟಲಿಲ್ಲ. ಎದ್ದು, ಕೊಡೆ ಹಿಡಿದುಕೊಂಡೇ ಹಗ್ಗ ದಾಟಿ ಅವನ ಮುಂದೆ ಬಂದು ನಿಂತರು.

"ಬೇಕು ಅಂತಾನೇ ಮುಚ್ಚಿಟ್ಟಿದ್ರಾ?"

ಯಜಮಾನರು ಅವರ ಬೆನ್ನ ಹಿಂದಿನಿಂದ ಕಣ್ಣಿನಲ್ಲೇ ಬೇಡಿಕೊಂಡರು. ಹೌದು ಅಂದರೆ ಸಾಕು. ಕಾರ್ಖಾನೆ ಉಳಿಯುತ್ತದೆ, ಚಪ್ಪಾಳೆ ಉಳಿಯುತ್ತದೆ, ಹೆಂಡತಿ ಯಾರಿಗೂ ತಿರುಗಿ ಫೋನು ಮಾಡಬೇಕಿಲ್ಲ. ಹೌದು ಅನ್ನಲೆಂದೇ ಅವನು ಬಾಯಿ ತೆರೆದ. ಬೆಕ್ಕು ಬಾಲ ಎತ್ತಿತು. ಆದರೆ ಬೆಳಗ್ಗಿನಿಂದ ಹೊರಬರಲು ತಳ್ಳಾಡುತ್ತಿದ್ದ ಮಾತೇ ಬಾಗಿಲ ಹತ್ತಿರ ನಿಂತಿದ್ದರಿಂದ ಅದೇ ಮೊದಲು ಬಿತ್ತು.

"ಇಲ್ಲಮ್ಮ. ಮರೆತಿದ್ದೆ."

ಯಜಮಾನರ ಕೈ ಟೈಗೆ ಹೋಯಿತು. ಅವನು ಶಿಕ್ಷೆಗೆ ಕಾದ. ಎಂಥದ್ದಾದರೂ ಸರಿ, ಅದು ತನ್ನದಾಗಿರುತ್ತದೆ ಅಂದುಕೊಂಡ. ಇಂಜಿನಿಯರಮ್ಮ ಅವನ ಬೆರಳಿಗೆ ಇನ್ನೂ ಅಂಟಿಕೊಂಡಿದ್ದ ಟೇಪನ್ನು ಬಗ್ಗಿ ನೋಡಿದರು.

"ಟೇಪು ಯಾವ ಬಣ್ಣದ್ದು?"

"ಬೂದು."

"ಲೇಪ?"

"ಅದೂ ಬೂದು."

"ಯಾವ ಬಣ್ಣ ಆದ್ರೂ ಮೇಲೆ ಲೇಪ ಬಿದ್ರೆ ಮುಚ್ಚಿಹೋಗತ್ತೆ. ಒಂದು ತುದಿ ಮಡಿಸಿ ಬಾಲದ ಹಾಗೆ ಎತ್ತಿ ನಿಲ್ಸಿ. ಚಿಪ್ಪು ಮುಚ್ಚೋಕೆ ಹೋದ್ರೆ ಅದೇ ಅಡ್ಡ ಬರತ್ತೆ, ಮುಚ್ಚೋಕಾಗಲ್ಲ." ಅಷ್ಟು ಹೇಳಿ ಅವರು ಭಾವಮೈದನ ಕಡೆ ತಿರುಗಿದರು. "ಹಾರಿಸಪ್ಪ. ಬಿಸಿಲು ಏರ್ತಾ ಇದೆ."

ಅವನು ನಿಂತಲ್ಲೇ ನಿಂತ. ಬೆಳಗ್ಗಿನಿಂದ ತಾನು ಹೊತ್ತು ತಿರುಗಿದ ಪಾಪ, ಸಂಚು, ಬೆಕ್ಕು ಎಲ್ಲಕ್ಕೂ ಮದ್ದು ಬೆರಳಗಲದ ಒಂದು ಬಾಲವೇ? ಅವನಿಗೆ ತುಸು ಅವಮಾನವೇ ಆಯಿತು. ಡ್ರೋನು ಮೇಲೆದ್ದು ತಂತಿಗಳ ಪಕ್ಕದಲ್ಲಿ ಗೋಡೆಗೆ ಮೊಳೆ ಹೊಡೆದಂತೆ ನಿಂತಿತು. ಗಾಳಿ ಬೀಸಿದರೂ ಅಲುಗಲಿಲ್ಲ, ತಂತಿಯ ಗದ್ದಲಕ್ಕೆ ಬೆದರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಂಜಿನಿಯರಮ್ಮ ಕೊಡೆ ಮಡಿಸಿ ಬಿಸಿಲಲ್ಲೇ ನಿಂತು ನೋಡತೊಡಗಿದ್ದರು, ಉಳಿದವರೂ ಹಾಗೇ ನೋಡಿದರು. ಹೊರಡುವಾಗ ಅವರು ಯಜಮಾನರಿಗೆ, "ಬಾಲ ಇಟ್ಟು ಮಾಡಿದ್ದನ್ನೇ ಕಳಿಸಿ" ಅಂದರಂತೆ. ಅದು ಒಪ್ಪಿಗೆಯೋ ಅಲ್ಲವೋ ಎಂದು ಯಜಮಾನರು ಮೀಟರ್ ಮೇಡಂ ಜೊತೆ ವಾದಿಸುತ್ತಲೇ ವ್ಯಾನು ಹತ್ತಿದರು. ಇವನನ್ನು ಅವರು ನೋಡಲಿಲ್ಲ. ಇವನಿಗೆ ಅದರಿಂದ ಎಷ್ಟೋ ಹಗುರವೆನಿಸಿತು.

ಹಿಂದಿನ ಸೀಟಿನಲ್ಲಿ ಭಾವಮೈದ ಪೆಟ್ಟಿಗೆಯನ್ನು ಇಬ್ಬರ ನಡುವೆ ಸರಿಯಾಗಿ ಕೂರಿಸಿದ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಭಾವ, ಸೊನ್ನೆ ಬಂದಿದ್ದು ನೀವೂ ನೋಡಿದ್ರಿ. ಆಗ್ಲೇ ಯಾಕೆ ಕೂಗ್ಲಿಲ್ಲ?"

ಅವನು ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಿದ. ಇಲ್ಲದ ಧೂಳನ್ನೂ ಒರೆಸಿದ. "ಬೀಳಲಿ ಅನ್ನಿಸ್ತು."

ಡ್ರೈವರ್ ಗೇರು ಬದಲಾಯಿಸಿದ. ಭಾವಮೈದ ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ನಿನ್ನೆ ಅಕ್ಕ ನಿಮ್ಮ ಚಪ್ಪಾಳೆ ಕಥೆ ಹೇಳ್ತಿದ್ಲಲ್ಲ ಫೋನಲ್ಲಿ," ಅಂದ, "ಆಗ ನಂಗೂ ಅನ್ನಿಸ್ತು. ಇವರದ್ದೂ ಎಲ್ಲಾದ್ರೂ ಒಂದು ಎಡವಟ್ಟಾಗ್ಬಾರ್ದಾ ಅಂತ."

"ಆಯ್ತಲ್ಲ."

"ಆಯ್ತು. ಆದ್ರೆ ಅಂದ್ಕೊಂಡಷ್ಟು ಖುಷಿಯಾಗ್ಲಿಲ್ಲ." ಸ್ವಲ್ಪ ತಡೆದು, "ಸ್ವಲ್ಪ ಆಯ್ತು" ಅಂದ.

ಇಬ್ಬರಿಗೂ ನಗು ಬಂತು. ಮುಂದಿನ ಸೀಟಿನಿಂದ ಮೀಟರ್ ಮೇಡಂ ತಿರುಗಿ ನೋಡಿದ್ದರಿಂದ ಅದನ್ನು ಕೆಮ್ಮಾಗಿ ಮಾಡಿಕೊಂಡರು. ಕೆಮ್ಮು ನಿಂತ ಮೇಲೆ ಭಾವಮೈದ, "ಮತ್ತೆ ನಿಮಗೆ? ಎಷ್ಟು ಅನ್ನಿಸಿತ್ತು, ಬೀಳಲಿ ಅಂತ?" ಎಂದು ಕೇಳಿದ.

"ನಂಗೂ ಸ್ವಲ್ಪವೇ," ಅಂದ ಅವನು. ಬೆಳಗ್ಗಿನಿಂದ ಅವನ ಬಾಯಿಂದ ಬಂದ ಮೊದಲ ಸುಳ್ಳು ಅದು. ಭಾವಮೈದ ಮರುಮಾತಿಲ್ಲದೆ ನಂಬಿಬಿಟ್ಟ.